ಇಪ್ಪತ್ತೆರಡು ಕಿಲೋಮೀಟರ್

ಫೆಬ್ರುವರಿ ೧೦, ೨೦೨೫, ಸೋಮವಾರ

ಡಾಕ್ಟರು ರಕ್ತದೊತ್ತಡಕ್ಕೆ ಗುಳಿಗೆ ಬರೆದುಕೊಟ್ಟು, "ಸಿಟ್ಟ ಬಂದಾಗ ಬಾಯಿಲೆ ಆಡಬ್ಯಾಡ್ರಿ, ಹಾಳಿ ಮ್ಯಾಲ ಬರೀರಿ" ಅಂದಿದ್ದಾರೆ. ಹಾಗಾದರೆ ಈ ನೋಟುಬುಕ್ಕು ಒಂದು ವಾರಕ್ಕೂ ಸಾಲುವುದಿಲ್ಲ.

ಇವತ್ತಿನ ಸಿಟ್ಟು ತಿಕೋಟಾದ ಮೇಲೆ.

ನಮ್ಮ ಆರೋಗ್ಯ ವಿಮಾ ಮಂಡಳಿಯ ದೊಡ್ಡ ಯಂತ್ರ, ಮೇನ್‌ಫ್ರೇಮ್, ಇಬ್ರಾಹಿಂಪುರದ ಕಚೇರಿಯಲ್ಲಿದೆ. ಇಪ್ಪತ್ತೇಳು ವರ್ಷದಿಂದ ಅದನ್ನು ಸಾಕಿದವನು ನಾನು. ನೂರಾ ನಲವತ್ತು ಆಸ್ಪತ್ರೆಗಳಲ್ಲಿ ರೋಗಿ ಬಂದರೆ ಕೌಂಟರಿನವರು ಅವನ ನಂಬರು ಹೊಡೆಯುತ್ತಾರೆ, ಇಲ್ಲಿಂದ 'ಸೇರಿಸಿಕೊಳ್ಳಿ' ಎಂದು ಉತ್ತರ ಹೋಗುತ್ತದೆ. ಇಲ್ಲಿ ಬೆಂಕಿ ಬಿದ್ದರೆ ಏನು ಗತಿ ಎಂದು ಹೋದ ವರ್ಷ ತಿಕೋಟಾದಲ್ಲಿ ಎರಡನೇ ಯಂತ್ರ ಕೂರಿಸಿದ್ದಾರೆ. ಎರಡೂ ಸೇರಿ ಒಂದೇ ಯಂತ್ರದ ಹಾಗೆ ನಡೆಯಬೇಕು. ಒಂದು ನಿಂತರೆ ಆಸ್ಪತ್ರೆಯವರಿಗೆ ಗೊತ್ತೇ ಆಗದಂತೆ ಇನ್ನೊಂದು ಸಂಭಾಳಿಸಬೇಕು. 'ಹಾಗೆ ನಡೆಯುತ್ತದೆ' ಎಂದು ಮಾರ್ಚ್ ಮುಗಿಯುವುದರೊಳಗೆ ನಾನು ಬರೆದು ಸಹಿ ಹಾಕಬೇಕು. ಹಾಕದಿದ್ದರೆ ತಿಕೋಟಾ ಕೇಂದ್ರ ಮುಚ್ಚುತ್ತಾರೆ, ಅಲ್ಲಿನ ಎಂಟು ಜನ ಮನೆಗೆ ಹೋಗುತ್ತಾರೆ.

ಇವತ್ತು ಎರಡನ್ನೂ ಜೋಡಿಸಿದೆವು. ಹತ್ತು ಗಂಟೆಗೆ ಆಸ್ಪತ್ರೆಗಳ ಗದ್ದಲ ಶುರುವಾದದ್ದೇ ತಡ, ಒಂದೊಂದು ನೋಂದಣಿಗೆ ಹದಿನಾಲ್ಕು ಸೆಕೆಂಡು! ಕಣ್ಣು ಮಿಟುಕಿಸುವುದರೊಳಗೆ ಆಗುತ್ತಿದ್ದ ಕೆಲಸ. ಇಪ್ಪತ್ತು ನಿಮಿಷ ಹಲ್ಲು ಕಚ್ಚಿ ನೋಡಿ, ತಿಕೋಟಾವನ್ನು ಬೇರ್ಪಡಿಸಿಬಿಟ್ಟೆ. ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವಳೊಬ್ಬಳು ಅಷ್ಟೂ ಹೊತ್ತು ಸಾಲು ಕರಗದೆ ಕೌಂಟರಿನ ಕಟ್ಟೆ ಹಿಡಿದು ನಿಂತಿದ್ದಳಂತೆ. ಅದನ್ನು ಕೇಳಿದ ಮೇಲೆ ಊಟ ಸೇರಲಿಲ್ಲ.

ಅಲ್ಲಿನ ಮುಖ್ಯಸ್ಥೆ ಸುಮಂಗಲಾ, ಮೂವತ್ತೆರಡು ವರ್ಷದವಳು, ಏನೋ ಮುಟ್ಟಿದ್ದಾಳೆ. ನಾಡಿದ್ದು ಹೋಗಿ ಹಿಡಿಯುತ್ತೇನೆ.

ಫೆಬ್ರುವರಿ ೧೨, ಬುಧವಾರ

ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ತಿಕೋಟಾ ಬಸ್ಸು ಹತ್ತಿದೆ. ಊರು ಮುಟ್ಟುವ ಮೊದಲೇ ಒಣದ್ರಾಕ್ಷಿ ಶೆಡ್ಡುಗಳ ಗಂಧಕದ ವಾಸನೆ ಮೂಗಿಗೆ ಬಡಿಯಿತು. ನಾನು ಒಳಗೆ ಕಾಲಿಟ್ಟಾಗ ಎಂಟೂ ಜನ ಎದ್ದು ನಿಂತರು. ಇಷ್ಟಾದರೂ ಶಿಸ್ತು ಇದೆ.

ಸುಮಂಗಲಾಳನ್ನು ನಲವತ್ತು ನಿಮಿಷ ಬಾಗಿಲಲ್ಲೇ ನಿಲ್ಲಿಸಿ, ಯಂತ್ರದ ಒಂದೊಂದು ಸೆಟ್ಟಿಂಗನ್ನೂ ನಾನೇ ನೋಡಿದೆ.

"ಸರ, ನೀವ ಹೇಳಿದ್ದ ಬಿಟ್ಟ ಒಂದೂ ಮುಟ್ಟಿಲ್ರಿ" ಅಂದಳು.

ನಿಜ. ಒಂದು ತಪ್ಪೂ ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಚಹಾ ತರಿಸಿದ್ದಳು. ಹೊರಗಿನದು ನನಗೆ ಆಗುವುದಿಲ್ಲ ಎಂದು ಹೇಳಿ, ಹೆಂಡತಿ ಮೃಣಾಲ ಮನೆಯಿಂದ ತುಂಬಿ ಕೊಟ್ಟ ಫ್ಲಾಸ್ಕು ತೆಗೆದೆ. ಹೋದ ವರ್ಷದಿಂದ ಹೇಳುತ್ತಿದ್ದೇನೆ, ಮತ್ತೆ ಮತ್ತೆ ತರಿಸುತ್ತಾಳೆ. ಹೇಳಿದ ಮಾತು ತಲೆಗೆ ಹೋಗದ ಜನ.

ಫೆಬ್ರುವರಿ ೧೪, ಶುಕ್ರವಾರ

ಸುಮಂಗಲಾಳಿಂದ ಇವತ್ತು ಹದಿನೇಳು ಫೋನು. ಫ್ಯಾನು ಸದ್ದು ಮಾಡುತ್ತಿದೆ, ನಿಲ್ಲಿಸಲೋ? ಜನರೇಟರಿನ ಎಣ್ಣೆ ಬಂದಿದೆ, ಇಳಿಸಿಕೊಳ್ಳಲೋ? ನನ್ನನ್ನು ಕೇಳದೆ ತಿಕೋಟಾದಲ್ಲಿ ಸ್ವಿಚ್ಚು ಕೂಡ ಒತ್ತಬಾರದು ಎಂಬ ನಿಯಮ ನನ್ನದೇ. ಆದರೂ ಹದಿನೇಳು! ಮೃಣಾಲ ಅಂದಳು, "ನಿಯಮ ಮಾಡಿದವರೂ ನೀವ, ಬೈಯವರೂ ನೀವ. ಆ ಹುಡುಗಿ ಏನ ಮಾಡಬೇಕು?" ಹೆಂಡತಿಗೆ ಯಂತ್ರದ ವಿಷಯ ಹೇಗೆ ತಿಳಿಯಬೇಕು.

ಫೆಬ್ರುವರಿ ೨೦, ಗುರುವಾರ

ನಿರ್ದೇಶಕ ಸುಧೀರನ ಕೋಣೆಯಲ್ಲಿ ಸಭೆ. ನನಗಿಂತ ಹದಿನೈದು ವರ್ಷ ಚಿಕ್ಕವನು, ಎಲ್ಲದಕ್ಕೂ ಪರಿಹಾರ ಜೇಬಿನಲ್ಲೇ ಇಟ್ಟುಕೊಂಡಿರುತ್ತಾನೆ.

"ಲೈನ್ ಸಣ್ಣದ ಅದ, ದೊಡ್ಡದ ತಗೋರಿ. ಹತ್ತಪಟ್ಟ ತಗೋರಿ!"

"ರಸ್ತೆ ಅಗಲ ಮಾಡಿದ್ರ ತಿಕೋಟಾ ಹತ್ತರ ಬರತದೇನು?" ಅಂದೆ.

ಈ ಒಂದು ಮಾತನ್ನು ಎಷ್ಟು ಸಲ ಹೇಳಲಿ? ಒಂದು ಆಸ್ಪತ್ರೆ ಒಬ್ಬನ ಕಡತ ತೆರೆದರೆ ಇನ್ನೊಂದು ಅದನ್ನು ಮುಟ್ಟದ ಹಾಗೆ ಬೀಗ ಬೀಳಬೇಕು. ಯಂತ್ರ ಎರಡಾದರೂ ಬೀಗದ ಪಟ್ಟಿ ಒಂದೇ. ಅದಕ್ಕೆ ಪ್ರತಿ ಸಲ ಆ ತುದಿಯನ್ನು ಕೇಳಬೇಕು, ಉತ್ತರ ಬರುವವರೆಗೆ ಸುಮ್ಮನೆ ಕಾಯಬೇಕು. ಒಂದು ನೋಂದಣಿಗೆ ಒಂಬೈನೂರು ಸಲ ಹೀಗೆ ಕೇಳುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಸಾಕು. ಆದರೆ ಎಷ್ಟೇ ದೊಡ್ಡ ಲೈನು ತಂದರೂ ಅದಕ್ಕಿಂತ ಬೇಗ ಬರುವುದಿಲ್ಲ. ಇಪ್ಪತ್ತೆರಡು ಕಿಲೋಮೀಟರಿಗೆ ಒಂದು ನೋಂದಣಿ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿಯಬೇಕು. ಅಷ್ಟನ್ನು ಸಹಿಸಬಹುದು. ಆದರೆ ಗದ್ದಲವೇ ಇಲ್ಲದ ಭಾನುವಾರ ಅಳೆದಾಗಲೂ ಅರ್ಧ ಸೆಕೆಂಡಿಗೂ ಮೇಲೆ ಬಂದಿದೆ. ಗದ್ದಲದ ಹೊತ್ತಿನಲ್ಲಿ ಒಂದರ ಹಿಂದೆ ಒಂದು ಸಾಲು ಬೆಳೆದು ಹದಿನಾಲ್ಕಾಗುತ್ತದೆ.

ಲೆಕ್ಕ ಹಿಂದಕ್ಕೆ ಹಾಕಿದರೆ ತಿಕೋಟಾ ಅರವತ್ನಾಲ್ಕು ಕಿಲೋಮೀಟರ್ ದೂರ ಇರಬೇಕು. ಹುಚ್ಚರ ಸಂತೆ. ಮೊನ್ನೆ ಬಸ್ಸಿನಲ್ಲಿ ಮುಕ್ಕಾಲು ತಾಸಿನಲ್ಲಿ ಹೋಗಿದ್ದೇನೆ.

ಫೆಬ್ರುವರಿ ೨೧, ಶುಕ್ರವಾರ

ಸುಮಂಗಲಾಳ ಫೋನು, ಇವತ್ತಿನ ಒಂಬತ್ತನೆಯದು.

"ಸರ, ಕೇಬಲ್ ಹಾಕಿದ ಗ್ಯಾಂಗಿನಾಗ ನಮ್ಮ ಸ್ವಾದರಮಾವ ಇದ್ದಾರ್ರಿ. ಭಾಗಪ್ಪ ಅಂತ, ಜೈನಾಪುರದಾಗ ಇರ್ತಾರ್ರಿ. ಅವರಿಗಿ ಕೇಳೂನೇನ್ರಿ?"

"ತಗ್ಗ ತೋಡವ್ರಿಗಿ ಏನ ಗೊತ್ತಿರತದ?" ಅಂದೆ.

"ತಗ್ಗ ಗೊತ್ತಿರತೈತ್ರಿ" ಅಂದಳು. ಉದ್ಧಟತನ. ಆದರೆ ಗುತ್ತಿಗೆದಾರ ಫೋನು ಎತ್ತುತ್ತಿಲ್ಲ, ನಕಾಶೆಯ ಮೇಲೆ ಪೆನ್ಸಿಲಿನಲ್ಲಿ ಒಂದು ನೆಟ್ಟಗಿನ ಗೆರೆ ಬಿಟ್ಟರೆ ಬೇರೇನೂ ಇಲ್ಲ. ಮಂಗಳವಾರ ಹೋಗಿ ಬರುತ್ತೇನೆ. ಗುತ್ತಿಗೆದಾರನ ಕೊರಳಿಗೆ ಕಟ್ಟಲು ಏನಾದರೂ ಸಿಕ್ಕೀತು.

ಫೆಬ್ರುವರಿ ೨೫, ಮಂಗಳವಾರ

ಕಾಲುಗಳು ನೋಯುತ್ತಿವೆ. ಮೊದಲು ಅದನ್ನು ಬರೆದಿಡುತ್ತೇನೆ.

ಬಬಲೇಶ್ವರ ಬಸ್ ಸ್ಟ್ಯಾಂಡಿನಲ್ಲಿ ಭಾಗಪ್ಪ ಕಾಯುತ್ತಿದ್ದ. ಅರವತ್ತರ ಆಳು, ತಲೆಗೆ ಟಾವೆಲ್ಲು. ಸುಮಂಗಲಾ ರಜೆ ಹಾಕಿ ಬಂದಿದ್ದಳು. ಅವಳ ಹತ್ತಿರ ಬೆಳಕು ಬಿಟ್ಟು ಎಳೆಯ ಉದ್ದ ಅಳೆಯುವ ಪೆಟ್ಟಿಗೆ ಇತ್ತು.

ಕೇಬಲ್ ಬಸ್ಸಿನ ದಾರಿಯಲ್ಲಿ ಹೋಗಿಯೇ ಇಲ್ಲ! ಇಬ್ರಾಹಿಂಪುರದಿಂದ ರೈಲಿನ ಹಳಿ ಹಿಡಿದು ದಕ್ಷಿಣಕ್ಕೆ ಇಳಿದಿದೆ, ಅಲ್ಲಿಂದ ಬಬಲೇಶ್ವರ, ಜೈನಾಪುರ, ಆಮೇಲೆ ತಿರುಗಿ ತಿಕೋಟಾ.

"ನೆಟ್ಟಗ ಯಾಕ ಹಾಕಲಿಲ್ಲ?" ಕೇಳಿದೆ.

"ನೆಟ್ಟಗ ಹ್ಯಾಂಗ ಹಾಕೂದ್ರಿ ಯಪ್ಪಾ? ಆ ಕಡಿ ಎಲ್ಲಾ ದ್ರಾಕ್ಷಿ ಪಡ. ಕಂಬದ ನಡಕ ತಗ್ಗ ತೋಡಿದ್ರ ಬೇರ ಕಡಿತಾವ. ತ್ವಾಟದವ್ರು ಬಡಿಗಿ ಹಿಡಕೊಂಡ ಬಂದ್ರು. ಹಂಗಾಗಿ ಪಡ ಬಂದಲ್ಲೆಲ್ಲಾ ಸುತ್ತ ಹಾಕೇವ್ರಿ."

ಅಷ್ಟೇ ಆಗಿದ್ದರೆ ಸರಿ. ಒಂದು ಹೊಲದ ಬದುವಿನಲ್ಲಿ ಕಲ್ಲು ಸರಿಸಿ ಕುಣಿ ತೋರಿಸಿದ. ಒಳಗೆ ಕೇಬಲ್ಲು ಸುರುಳಿ ಸುತ್ತಿಕೊಂಡು ಕೂತಿತ್ತು. ತೋಟದವರು ಹೊಸ ಕಂಬ ನೆಡುವಾಗ ವರ್ಷಕ್ಕೆ ಮೂರು ಸಲ ಕಡಿಯುತ್ತಾರಂತೆ. ಜೋಡಿಸುವಾಗ ಎಳೆಯಲು ಇರಲಿ ಎಂದು ಪ್ರತಿ ಕುಣಿಯಲ್ಲೂ ನೂರು ಮೀಟರ್ ಬಿಟ್ಟಿದ್ದಾರಂತೆ. ಒಟ್ಟು ಎಂಬತ್ತೊಂದು ಕುಣಿ.

"ಎಂಟ ಕಿಲೋಮೀಟರ್ ಬರೇ ಸುರುಳಿಯಾಗ ಐತ್ರಿ. ಹಾದಿ ಐವತ್ತಾರ. ಒಟ್ಟ ಅರವತ್ನಾಕು" ಅಂದ, ಯಾವ ಕಾಗದವನ್ನೂ ನೋಡದೆ.

ಸುಮಂಗಲಾ ಪೆಟ್ಟಿಗೆ ಹಚ್ಚಿ ಎರಡೂ ಕಡೆಗೆ ಅಳೆದು ಕೂಡಿಸಿ, ಪರದೆ ನನ್ನ ಕಡೆ ತಿರುಗಿಸಿದಳು. ಅರವತ್ನಾಲ್ಕು ಪಾಯಿಂಟ್ ಒಂದು. 'ನೋಡ್ರಿ' ಅಂದಿದ್ದರೂ ಬೈಯಬಹುದಿತ್ತು.

ಜೈನಾಪುರದಲ್ಲಿ ಭಾಗಪ್ಪನ ಮನೆಗೆ ಹೋದೆವು, ಬಿಸಿಲಿಗೆ ನನಗೆ ಕಣ್ಣು ಕತ್ತಲೆ ಬಂದಿತ್ತು. ಗೋಡೆಯ ಮೇಲೆ ಬುದ್ಧನ ಫೋಟೊ, ಅಂಬೇಡ್ಕರರ ಫೋಟೊ. ಅವನ ಹೆಂಡತಿ ಸೀತವ್ವ ಬಾಗಿಲಲ್ಲಿ ನಿಂತು, "ನಮ್ಮ ಮನಿ ಚಾ ನಡೀತೈತೇನ್ರಿ ನಿಮಗ?" ಎಂದು ನೇರವಾಗಿ ಕೇಳಿಬಿಟ್ಟಳು. ಸುಮಂಗಲಾ ನೆಲ ನೋಡುತ್ತಿದ್ದಳು. ಫ್ಲಾಸ್ಕು ಬೆಳಿಗ್ಗೆಯೇ ಖಾಲಿಯಾಗಿತ್ತು. ಕೊಡ್ರಿ ಅಂದೆ. ಸಕ್ಕರೆ ವಿಪರೀತ. ಎರಡು ಕಪ್ಪು ಕುಡಿದ ಮೇಲೆ ತಲೆಸುತ್ತು ನಿಂತಿತು.

ಆದರೂ 'ಇಪ್ಪತ್ತೆರಡು' ಎಂದು ಬರೆದ ಮಹಾಶಯ ಯಾರು ಎಂದು ನೋಡಿಯೇ ತೀರುತ್ತೇನೆ. ಸುಧೀರನೇ ಇರಬೇಕು.

ಫೆಬ್ರುವರಿ ೨೭, ಗುರುವಾರ

ಹಳೆಯ ಕಡತ ತೆಗೆಸಿದೆ. 'ಎರಡು ಕೇಂದ್ರಗಳ ನಡುವಿನ ಅಂತರ: ೨೨ ಕಿ.ಮೀ.' ನೀಲಿ ಶಾಯಿ. ಎರಡರ ಬಾಲ ಮೇಲಕ್ಕೆ ತಿರುಗಿದೆ.

ಅಕ್ಷರ ನನ್ನದು.

ರಸ್ತೆ ಬದಿಯ ಕಲ್ಲು ನೋಡಿ ಬರೆದಿದ್ದೆ. ಈಗ ನೆನಪಾಯಿತು. ತಿಕೋಟಾ ಎಷ್ಟು ದೂರ ಅಂದರೆ ಈ ಊರಲ್ಲಿ ಯಾರನ್ನು ಕೇಳಿದರೂ ಅಷ್ಟೇ ಹೇಳುತ್ತಾರೆ. ನಾನೂ ಅಷ್ಟೇ ಬರೆದೆ.

ಅದೇ ಕಡತದಲ್ಲಿ ಹೋದ ಜೂನ್ ತಿಂಗಳ ಒಂದು ಪತ್ರ, ಸುಮಂಗಲಾಳದ್ದು. 'ಸರ್, ರಸ್ತೆಯ ಅಂತರದ ಬದಲು ಕೇಬಲ್ಲಿನ ಉದ್ದ ಅಳೆದು ನೋಡಬೇಕಲ್ಲವೇ?' ಅದರ ಕೆಳಗೆ ನನ್ನ ಉತ್ತರ, ಅದೇ ನೀಲಿ ಶಾಯಿಯಲ್ಲಿ: 'ಕೇಳಿದ್ದಕ್ಕೆ ಮಾತ್ರ ಉತ್ತರಿಸಿ.'

ಮಾರ್ಚ್ ೩, ಸೋಮವಾರ

ಬರೆಯುವಂಥದ್ದೇನಿಲ್ಲ. ಗುಳಿಗೆ ತಗೊಂಡೆ.

ಮಾರ್ಚ್ ೬, ಗುರುವಾರ

ಸುಧೀರ ಬಾಗಿಲು ಹಾಕಿಕೊಂಡು ಮಾತಾಡಿದ.

"ಇಪ್ಪತ್ತೆರಡ ಅಂತನ ಇರ್ಲಿ, ಸಹಿ ಹಾಕ್ರಿ. ಜೋಡಸೂದು ಮುಂದ ನೋಡೂಣು. ಅಳೀಲಿಕ್ಕೆ ಯಾರ ಬರತಾರ? ಮತ್ತ ಅದನ್ನ ಬರದವರೂ ನೀವ ಅಲ್ಲೇನ್ರಿ?"

ಅಂದರೆ ಇವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ಹೇಳಲು ಯಾರಿಗೂ ಧೈರ್ಯ ಇರಲಿಲ್ಲ, ಒಬ್ಬಳನ್ನು ಬಿಟ್ಟು.

ಸಹಿ ಹಾಕಿದರೆ ಎಂಟು ಜನರ ಕೆಲಸ ಉಳಿಯುತ್ತದೆ, ನನ್ನ ಮುಖವೂ ಉಳಿಯುತ್ತದೆ. ಆದರೆ ಇವತ್ತಲ್ಲ ನಾಳೆ ಯಾರೋ ಅದನ್ನು ನಂಬಿ ಯಂತ್ರಗಳನ್ನು ಜೋಡಿಸುತ್ತಾರೆ, ಯಾರೋ ಹೆರಿಗೆಯವಳು ಕಟ್ಟೆ ಹಿಡಿದು ನಿಲ್ಲುತ್ತಾಳೆ. ಹಾಕದಿದ್ದರೆ ನನ್ನ ತಪ್ಪಿಗೆ ಅವರು ಮನೆಗೆ ಹೋಗುತ್ತಾರೆ. ಹೊಸ ಕೇಬಲ್ ನೆಟ್ಟಗೆ ಎಳೆಯಲು ದ್ರಾಕ್ಷಿ ತೋಟದವರು ಬಿಡುವುದಿಲ್ಲ. ಬೆಳಕಿಗೆ ಬೇಗ ಓಡು ಎಂದು ಹೇಳಲು ಬರುವುದಿಲ್ಲ. ಇಡೀ ದಿನ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಪ್ಯೂನನ ಮೇಲೆ ಹಾರಿಬಿದ್ದೆ. ಪಾಪ.

ಮಾರ್ಚ್ ೧೦, ಸೋಮವಾರ

ತಿಕೋಟಾಕ್ಕೆ ಹೋಗಿ ಸುಮಂಗಲಾಳಿಗೆ ಹೇಳಿದೆ, ಇಪ್ಪತ್ತೆರಡು ಬರೆದವನು ನಾನು ಎಂದು.

"ಗೊತ್ತೈತ್ರಿ" ಅಂದಳು. ಅಷ್ಟೇ. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಕೂತಿರು ಎಂದು ನಾನೇನೂ ಹೇಳಿರಲಿಲ್ಲ.

"ಎರಡೂ ಒಂದ ಆಗಬೇಕಂತ ಯಾಕ ಹಟ ಹಿಡೀಬೇಕ್ರಿ? ಇಬ್ರಾಹಿಂಪುರದ್ದು ತನ್ನ ಕೆಲಸ ತಾ ಮಾಡ್ಲಿ. ನಮಗ ಕೇಳಿ ಕಾಯೂದ ಬ್ಯಾಡ. ಮಾಡಿದ್ದನ್ನ ಹಿಂದಿಂದ ಕಳಸ್ಲಿ. ನಾವು ಆರ ಸೆಕೆಂಡ್ ಹಿಂದ ಇರ್ತೇವ್ರಿ. ಅದು ನಿಂತ್ರ ನಾವು ಶುರು ಮಾಡ್ತೇವು."

"ಆ ಆರ ಸೆಕೆಂಡಿನ ನೋಂದಣಿ?"

"ಹೋಗತಾವ್ರಿ."

"ಇಪ್ಪತ್ತೇಳ ವರ್ಷದಾಗ ನಾ ಒಂದೂ ಕಳದಿಲ್ಲ!"

"ಆಸ್ಪತ್ರಿಯವರ ಹತ್ತರ ಚೀಟಿ ನಂಬರ್ ಇರತಾವ್ರಿ. ತಪ್ಪಿದ್ದ ಯಾವುದಂತ ಹುಡಕಿ, ಫೋನ್ ಮಾಡಿ ತಿರಗಿ ಹಾಕಿಸಬಹುದು. ಕಾಯ್ಕೋತ ನಿಂತವ್ರಿಗೆ ಏನ್ ತಿರಗಿ ಕೊಡೂದ್ರಿ?"

ನೀನು ಹೇಳಿದ್ದು ಸರಿ ಎಂದು ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. 'ನೋಡೋಣ' ಅಂದೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದರೆ ಎಲ್ಲಾ ಸರಿಯಾಗಿದೆ. ಹಾಳಾದ್ದು, ಎಲ್ಲಾ ಸರಿಯಾಗಿದೆ.

ಮಾರ್ಚ್ ೧೩, ಗುರುವಾರ

ಹೊಸ ನಿಯಮಾವಳಿ ಬರೆದೆ, ನನ್ನ ಹೆಸರು ಹಾಕಿಯೇ. 'ಇಬ್ರಾಹಿಂಪುರ ನಿಂತರೆ, ಶ್ರೀ ಸುಶೀಲೇಂದ್ರ ಅವರ ಅನುಮತಿ ಪಡೆದು ತಿಕೋಟಾ ಕೇಂದ್ರ ಕೆಲಸ ಆರಂಭಿಸತಕ್ಕದ್ದು.' ಸುಮಂಗಲಾ ಫೋನಿನಲ್ಲಿ ಓದಿಸಿಕೊಂಡಳು.

"ನಿಮ್ಮ ಫೋನ್ ಹತ್ತಲಿಲ್ಲಂದ್ರ್ರಿ?"

"ಹತ್ತತದ."

"ಹತ್ತಲಿಲ್ಲಂದ್ರ್ರಿ?"

'ಅವರಿಲ್ಲದಾಗ ನಿರ್ದೇಶಕರ ಅನುಮತಿ' ಎಂದು ಸೇರಿಸಿದೆ. ನಿರ್ದೇಶಕರೂ ಅದೇ ಕಟ್ಟಡದಲ್ಲಿ ಕೂರುತ್ತಾರಲ್ಲ ಅಂದಳು. ಫೋನು ಕುಕ್ಕಿದೆ.

ಮಾರ್ಚ್ ೧೫, ಶನಿವಾರ

ಐದು ಸಲ ತಿದ್ದಿದ ಮೇಲೆ ಉಳಿದ ಸಾಲು: 'ತಿಕೋಟಾ ಕೇಂದ್ರದ ಮುಖ್ಯಸ್ಥರು ಐದು ನಿಮಿಷ ಕಾದು, ಯಾರನ್ನೂ ಕೇಳದೆ ನಿರ್ಧರಿಸತಕ್ಕದ್ದು. ಯಾರಿಗೂ ಕರೆ ಮಾಡಬೇಕಾಗಿಲ್ಲ.' ಯಾರೋ ಬೇರೆಯವರ ಅಕ್ಷರದ ಹಾಗೆ ಕಾಣಿಸಿತು.

ಮಾರ್ಚ್ ೨೮, ಶುಕ್ರವಾರ

ಸಹಿ ಹಾಕಿದೆ. ಅಂತರ: ೬೪ ಕಿ.ಮೀ. ಎರಡೂ ಯಂತ್ರ ಒಂದಾಗಿ ನಡೆಯಲಾರವು. ಒಂದು ನಿಂತರೆ ಆರು ಸೆಕೆಂಡಿನ ದಾಖಲೆ ಹೋಗುತ್ತದೆ. ಮೊದಲು ಬರೆದ ೨೨ ನನ್ನ ತಪ್ಪು.

ಸುಧೀರ ಕಾಗದ ಓದಿ, "ಹಬ್ಬದ ಮುಂದ ಛಲೋ ಬೇವ ತಿನ್ಸಿದ್ರಿ" ಅಂದ. ಮಂಡಳಿಯವರು ಏಪ್ರಿಲ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ತಿಕೋಟಾ ಒಮ್ಮೆ ಇಡೀ ಭಾರ ಹೊತ್ತು ತೋರಿಸಬೇಕು, ಇಲ್ಲವಾದರೆ ಮುಚ್ಚುವುದೇ. ಸುಮಂಗಲಾ ಹೇಳಿದ ಹಾಗೆ ದಾಖಲೆ ಹಿಂದಿನಿಂದ ಕಳಿಸುವುದು ಆಗಲೇ ಶುರುವಾಗಿದೆ. ಏಪ್ರಿಲ್ ೨೨ಕ್ಕೆ ಪರೀಕ್ಷೆ ಗೊತ್ತುಮಾಡಿದೆ. ಆ ದಿನ ನಾನೇ ಸುಮಂಗಲಾಳ ಪಕ್ಕದಲ್ಲಿ ಕೂರುತ್ತೇನೆ. ಒಬ್ಬಳಿಗೇ ಬಿಟ್ಟರೆ ಆಗುವಂಥ ಕೆಲಸವಲ್ಲ ಇದು.

ಏಪ್ರಿಲ್ ೧೬, ಬುಧವಾರ

ಸಾವಕಾಶ ಬರೆಯುತ್ತೇನೆ.

ಪರೀಕ್ಷೆಯ ತಯಾರಿಗೆಂದು ಒಂಬತ್ತೂವರೆಯ ತಿಕೋಟಾ ಬಸ್ಸು ಹತ್ತಿದ್ದೆ. ಮುಕ್ಕಾಲು ದಾರಿ ಆಗಿರಬೇಕು, ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಇಬ್ರಾಹಿಂಪುರದಿಂದ ನಮ್ಮ ಆಪರೇಟರ್ ರಿಯಾಜನ ಫೋನು. ಬ್ಯಾಟರಿ ಕೋಣೆಯಲ್ಲಿ ಹೊಗೆ, ಯಂತ್ರ ನಿಂತಿದೆ, ಜನರನ್ನೆಲ್ಲ ಹೊರಗೆ ಕರೆತಂದಿದ್ದಾನೆ, ಯಾರಿಗೂ ಏನೂ ಆಗಿಲ್ಲ. ಹತ್ತು ಗಂಟೆ! ನೂರಾ ನಲವತ್ತು ಕೌಂಟರುಗಳ ಮುಂದೆ ಜನ ನಿಂತಿರುವ ಹೊತ್ತು.

ಸುಮಂಗಲಾಳ ನಂಬರು ತೆಗೆದೆ. ಬೆರಳು ಅದರ ಮೇಲೇ ಇತ್ತು. ನಾನು ಫೋನು ಮಾಡಿದರೆ ಅವಳು ಎತ್ತಬೇಕು, ಎತ್ತಿದರೆ ಕೇಳುತ್ತಾಳೆ, ಕೇಳಿದರೆ ನಾನು ಇನ್ನೊಂದು ಕೇಳುತ್ತೇನೆ. ಅಷ್ಟು ಹೊತ್ತು ಎಲ್ಲಾ ನಿಂತೇ ಇರುತ್ತದೆ. ಅವಳೇ ಮಾಡಲಿ ಎಂದು ಫೋನು ತೊಡೆಯ ಮೇಲಿಟ್ಟುಕೊಂಡು ಕೂತೆ. ಐದು ನಿಮಿಷ ಆಯಿತು. ಎಂಟಾಯಿತು. ಫೋನು ಬರಲಿಲ್ಲ. ಫ್ಯಾನು ನಿಲ್ಲಿಸಲು ಫೋನು ಮಾಡುವವಳು ಇವತ್ತು ಮಾಡಬಾರದೇ ಎಂದು ಸಿಟ್ಟು ನೆತ್ತಿಗೇರಿತು. ಮಾಡಬೇಕಾಗಿಲ್ಲ ಎಂದು ಬರೆದವನು ಯಾರು ಎಂಬುದು ಆಮೇಲೆ ನೆನಪಾಯಿತು. ಪಕ್ಕದ ಸೀಟಿನ ಮುದುಕಿ, "ಯಾಕ್ರಿ ಯಪ್ಪಾ, ಮನ್ಯಾಗ ಯಾರಿಗರೆ ಹುಷಾರಿಲ್ಲೇನು?" ಎಂದು ಕೇಳಿದಳು.

ತಿಕೋಟಾ ಬಸ್ ಸ್ಟ್ಯಾಂಡಿನಿಂದ ಓಡುತ್ತಲೇ ಹೋದೆ. ಬಾಗಿಲು ತೆರೆದೆ. ಯಾರೂ ಏಳಲಿಲ್ಲ. ಎಂಟೂ ಜನ ಕಿವಿಗೆ ಫೋನು ಹಚ್ಚಿಕೊಂಡಿದ್ದರು. ಸುಮಂಗಲಾ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕಡೆ ಒಂದು ಕೈ ಎತ್ತಿ, "ಒಂದ ನಿಮಿಷ ತಡೀರಿ ಸರ" ಅಂದಳು.

ಬಾಗಿಲಲ್ಲಿ ನಿಂತೆ.

ಒಂದು ನಿಮಿಷ ಅಂದದ್ದು ಹನ್ನೊಂದಾಯಿತು. ಗೋಡೆಯ ದೊಡ್ಡ ಪರದೆಯಲ್ಲಿ ನೋಂದಣಿಗಳು ಓಡುತ್ತಿದ್ದವು, ಒಂದೊಂದೂ ಕಣ್ಣು ಮಿಟುಕಿಸುವುದರೊಳಗೆ. ಹತ್ತು ಗಂಟೆ ಎಂಟು ನಿಮಿಷಕ್ಕೆ ಶುರು ಮಾಡಿದ್ದಾಳೆ, ಯಾರನ್ನೂ ಕೇಳದೆ. ಕಳೆದುಹೋದವು ಮೂವತ್ತೊಂದು. ಚೀಟಿ ನಂಬರು ಹಿಡಿದು ಎಂಟೂ ಜನ ಆಸ್ಪತ್ರೆಗಳಿಗೆ ಫೋನು ಮಾಡಿ ತಿರುಗಿ ಹಾಕಿಸುತ್ತಿದ್ದರು. ನಾನು ನಿಂತಲ್ಲೇ ಎಣಿಸುತ್ತಿದ್ದೆ. ಕೊನೆಯ ಹುಡುಗಿ ಫೋನು ಇಟ್ಟಾಗ ಮೂವತ್ತೊಂದೂ ಸಿಕ್ಕಿದ್ದವು.

ಆಗ ಸುಮಂಗಲಾ ತಿರುಗಿದಳು. "ನಾಕ ನಿಮಿಷಕ್ಕ ಶುರು ಮಾಡೇನ್ರಿ ಸರ. ನೀವು ಐದ ಅಂತ ಬರದಿದ್ರಿ. ರಿಯಾಜ ಹೊಗಿ ಅಂದ, ಮತ್ತ ಕಾಯಾಕ ಮನಸ ಬರಲಿಲ್ಲ."

ನಿಯಮ ಮುರಿದಿದ್ದಾಳೆ. ಬೈಯಲು ಬಾಯಿ ತೆರೆದೆ. "ಛಲೋ ಮಾಡಿದಿ" ಎಂದಷ್ಟೇ ಬಂತು.

ಮಧ್ಯಾಹ್ನ ಸುಧೀರನ ಫೋನು. ಹೊಗೆಯ ವಾಸನೆಯಲ್ಲೇ ಮಂಡಳಿಯವರು ಸಭೆ ಮಾಡಿದರಂತೆ. ತಿಕೋಟಾ ಮುಚ್ಚುವ ಮಾತು ಇನ್ನಿಲ್ಲ. "ನೀವ ಅಲ್ಲೇ ಇದ್ದದ್ದ ಪಾಡಾತು, ಇಲ್ಲಂದ್ರ ಏನ ಗತಿ" ಅಂದ. ನಾನು ಬಸ್ಸಿನಲ್ಲಿದ್ದೆ, ಮಾಡಿದವಳು ಸುಮಂಗಲಾ ಎಂದು ಮೂರು ಸಲ ಹೇಳಿದೆ. ಅವನಿಗೆ ಒಂದು ಸಲಕ್ಕೆ ಯಾವುದೂ ತಿಳಿಯುವುದಿಲ್ಲ.

ಇಬ್ರಾಹಿಂಪುರದ ಬ್ಯಾಟರಿಗಳನ್ನು ನಾಳೆ ನೋಡಬೇಕು. ನಿಯಮಾವಳಿಯಲ್ಲಿ ಐದು ನಿಮಿಷ ಅಂದದ್ದನ್ನು ಹೊಡೆದು ಹಾಕಬೇಕು. ತಿಕೋಟಾದ ಚಹಾಕ್ಕೂ ಸಕ್ಕರೆ ವಿಪರೀತ ಹಾಕುತ್ತಾರೆ, ಜೈನಾಪುರದ ಹಾಗೆಯೇ. ಎಷ್ಟು ಸಲ ಹೇಳಿದ್ದೇನೆ, ಕೇಳುವವರಿಲ್ಲ.

ಮೃಣಾಲ ಆಗಿನಿಂದ ಫ್ಲಾಸ್ಕು ಎಲ್ಲಿ ಎಂದು ಪೀಡಿಸುತ್ತಿದ್ದಾಳೆ. ಒಂದು ತಿಂಗಳಾಯಿತು, ತೊಳೆಯಲು ಬಂದಿಲ್ಲವಂತೆ. ಎಲ್ಲಿ ಬಿಟ್ಟೆನೋ, ಯಾರಿಗೆ ನೆನಪಿದೆ.